ಕೋತ್ ದ್ಯು ರೋನ್: ಕಮ್ಮಿ ದುಡ್ಡಲ್ಲಿ ಒಳ್ಳೆ ರೆಡ್ ವೈನ್ ಆರಿಸೋದು ಹೇಗೆ, ಕುಡಿಯೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಫ್ರಾನ್ಸಿನ ಈ ಕೋತ್ ದ್ಯು ರೋನ್ ಸಿಹಿ ವೈನ್ ಅಲ್ಲ. ನಮ್ಮೂರಲ್ಲಿ ವೈನ್ ಅಂದ್ರೆ ಬೆಂಗಳೂರು ಬ್ಲೂ ದ್ರಾಕ್ಷಿದು, ಪೋರ್ಟ್ ಅಂತ ಮಾರೋದು, ಕ್ರಿಸ್ಮಸ್ ಕೇಕ್ ಜೊತೆ ಒಂದು ಗುಟುಕು, ಶರಬತ್ತಿನ ದೊಡ್ಡಪ್ಪ. ಅದೇ ರುಚಿ ತಲೇಲಿಟ್ಕೊಂಡು ಇದನ್ನ ಬಾಯಿಗಿಟ್ರೆ ಮುಖ ಕಿವುಚ್ತೀರಿ. ಕೋತ್ ದ್ಯು ರೋನ್ ರೆಡ್ಡು ಡ್ರೈ, ಅಂದ್ರೆ ದ್ರಾಕ್ಷಿಲಿದ್ದ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಹುಳಿಬಂದು ಆಲ್ಕೋಹಾಲ್ ಆಗಿರುತ್ತೆ.

ನಾನು ಜರ್ಮನಿಗೆ ಬಂದು ಎಂಟು ವರ್ಷ ಆಯ್ತು, ಇಲ್ಲಿ ಸೂಪರ್ ಮಾರ್ಕೆಟ್ಟಿನ ವೈನ್ ಸಾಲಿನ ಮುಂದೆ ನಿಂತು ತಲೆ ಕೆರ್ಕೊಂಡಿದ್ದು ಲೆಕ್ಕ ಇಲ್ಲ. ಹೊಸದಾಗಿ ಬಂದ ಹುಡುಗ್ರು ಈಗ್ಲೂ ಫೋನ್ ಮಾಡಿ ಕೇಳ್ತಾರೆ, "ಅಣ್ಣ, ಹತ್ತು ಯೂರೋ ಒಳಗೆ ಯಾವ್ದು ತಗೊಳ್ಲಿ" ಅಂತ. ನನ್ನ ಉತ್ತರ ಒಂದೇ, ಕೋತ್ ದ್ಯು ರೋನ್ ತಗೋ, ಆದ್ರೆ ಲೇಬಲ್ ಓದಿ ತಗೋ. ಹೇಗೆ ಓದೋದು ಅನ್ನೋದೇ ಈ ಬರಹದ ಮುಖ್ಯ ವಿಷಯ, ಮಿಕ್ಕಿದ್ದೆಲ್ಲ ಪಕ್ಕವಾದ್ಯ.

ಹೆಸರು ಮೊದ್ಲು. ಕೋತ್ ಅಂದ್ರೆ ಇಳಿಜಾರು, ದಿಣ್ಣೆ. ರೋನ್ ಅನ್ನೋದು ನದಿ, ಸ್ವಿಟ್ಜರ್ಲೆಂಡಿನ ಹಿಮನದಿಲಿ ಹುಟ್ಟಿ, ಜಿನೀವಾ ಸರೋವರ ದಾಟಿ, ಫ್ರಾನ್ಸಿನ ಲಿಯೋನ್ ಹತ್ರ ದಕ್ಷಿಣಕ್ಕೆ ತಿರುಗಿ ಮೆಡಿಟರೇನಿಯನ್ ಸಮುದ್ರ ಸೇರುತ್ತೆ. ಲಿಯೋನಿಂದ ಸ್ವಲ್ಪ ಕೆಳಗೆ ವಿಯೆನ್ ಅಂತ ಊರಿದೆ, ಅಲ್ಲಿಂದ ಆವಿನ್ಯೋನ್ ತನಕ ಸುಮಾರು 200 ಕಿಲೋಮೀಟರ್ ಉದ್ದಕ್ಕೂ ಎರಡೂ ದಡದಲ್ಲಿ ದ್ರಾಕ್ಷಿ ತೋಟ. ಉತ್ತರದ ಭಾಗ ಕಡಿದಾದ ಗ್ರಾನೈಟ್ ಗುಡ್ಡ, ಅಲ್ಲಿ ಕೆಂಪಿಗೆ ಸಿರಾ ಒಂದೇ ದ್ರಾಕ್ಷಿ, ಬೆಲೆ ಕೇಳಿದ್ರೆ ಎದೆ ಝಲ್ ಅನ್ನುತ್ತೆ. ನಮ್ಮ ಕೈಗೆಟುಕೋ ಬಾಟಲಿ ಬಹುಪಾಲು ದಕ್ಷಿಣದ್ದು. ಅಲ್ಲಿ ಕಣಿವೆ ಅಗಲ ಆಗುತ್ತೆ, ಬಿಸಿಲು ಜೋರು, ಉತ್ತರದಿಂದ ಮಿಸ್ತ್ರಾಲ್ ಅಂತ ಒಣ ತಣ್ಣನೆ ಗಾಳಿ ಬೀಸುತ್ತೆ. ಈ ಗಾಳಿ ಬೀಸಿದ ದಿನ ಸೈಕಲ್ ತುಳಿಯೋಕೂ ಆಗಲ್ಲ, ಆದ್ರೆ ಬೆಳೆಗಾರ್ರಿಗೆ ಅದು ಬೇಕು, ಮಳೆ ನಿಂತ ಮೇಲೆ ಗೊಂಚಲು ಬೇಗ ಒಣಗಿಸಿ ಬೂಸ್ಟು ಹಿಡಿಯದಂಗೆ ನೋಡ್ಕೊಳ್ಳುತ್ತೆ.

ಈಗ ಬ್ಲೆಂಡ್ ವಿಷಯ, ಅಂದ್ರೆ ಬೇರೆ ಬೇರೆ ದ್ರಾಕ್ಷಿ ಸೇರ್ಸಿ ವೈನ್ ಮಾಡೋದು. ಬ್ಲೆಂಡ್ ಅಂದ ಕೂಡ್ಲೆ ನಮ್ಮವ್ರು "ಓಹ್ ಕಲಬೆರಕೆನಾ" ಅಂತಾರೆ. ಅಲ್ಲ ಸ್ವಾಮಿ. ಕಾಫಿಪುಡಿ ಅಂಗಡಿಗೆ ಹೋಗಿ ಏನು ಕೇಳ್ತೀವಿ, ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ 20 ಪರ್ಸೆಂಟ್ ಸಾಕು ಅಂತ, ಅದನ್ನ ಕಲಬೆರಕೆ ಅಂತೀವಾ? ಇಲ್ಲೂ ಹಂಗೇ. ಗ್ರೆನಾಶ್ ಅನ್ನೋದು ಈ ಮನೆಯ ದೊಡ್ಡಣ್ಣ, ಬಿಸಿಲಿಗೆ ಚೆನ್ನಾಗಿ ಹಣ್ಣಾಗಿ ಸಕ್ಕರೆ ತುಂಬ್ಕೊಳ್ಳುತ್ತೆ, ಹಂಗಾಗಿ ಆಲ್ಕೋಹಾಲ್ ಜಾಸ್ತಿ, ಕೆಂಪು ಹಣ್ಣುಗಳ ರುಚಿ, ಆದ್ರೆ ಸಿಪ್ಪೆ ತೆಳು, ಬಣ್ಣ ಕಮ್ಮಿ, ಒಗರೂ ಕಮ್ಮಿ. ಅದಕ್ಕೆ ಬಣ್ಣ ಮತ್ತೆ ಖಡಕ್ ಕೊಡೋಕೆ ಸಿರಾ. ಒಗರು, ಗಟ್ಟಿತನಕ್ಕೆ ಮೂರ್ವೆದ್ರ್. ಇದ್ರ ಜೊತೆ ಸ್ಯಾನ್ಸೊ, ಕಾರಿನ್ಯಾನ್ ಅಂತ ಚಿಲ್ಲರೆ ಸೇರ್ಸೋರೂ ಇದ್ದಾರೆ. ಒಗರು ಅಂದ್ರೆ ನಿಮಗೆ ಹೇಳ್ಕೊಡ್ಬೇಕಾ, ನೇರಳೆ ಹಣ್ಣು ತಿಂದ್ಮೇಲೆ ನಾಲಿಗೆ ಒರಟಾಗುತ್ತಲ್ಲ ಅದೇ. ಇಂಗ್ಲಿಷ್ನೋರು ಟ್ಯಾನಿನ್ ಅಂತ ದೊಡ್ಡದಾಗಿ ಪಾಠ ಮಾಡ್ತಾರೆ, ನಮ್ಮ ಅಜ್ಜಿಗೆ ಒಂದೇ ಪದದಲ್ಲಿ ಗೊತ್ತಿತ್ತು.

ಸಿರಾ ಬಗ್ಗೆ ಒಂದು ಮಜಾ ಇದೆ. ನಂದಿ ಬೆಟ್ಟದ ತಪ್ಪಲಲ್ಲಿ ಶಿರಾಜ್ ಅಂತ ಬೆಳೀತಾರಲ್ಲ ಅದೂ ಇದೂ ಒಂದೇ ದ್ರಾಕ್ಷಿ, ಅಲ್ಲಿನ ಗ್ರೋವರ್ ವೈನ್ ಕಂಪನಿಯ ಲಾ ರಿಸರ್ವ್ ಅನ್ನೋ ವೈನು ಕ್ಯಾಬರ್ನೆ ಅನ್ನೋ ಇನ್ನೊಂದು ದ್ರಾಕ್ಷಿ ಮತ್ತೆ ಶಿರಾಜ್ ಸೇರಿದ ಬ್ಲೆಂಡೇ. ಈ ಸಿರಾಲಿ ಕಾಳುಮೆಣಸಿನ ವಾಸನೆ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ, ನಾನು ಮೊದ್ಲು ಬುರುಡೆ ಅನ್ಕೊಂಡಿದ್ದೆ, ಆಮೇಲೆ ಗೊತ್ತಾಗಿದ್ದು ರೋಟಂಡೋನ್ ಅನ್ನೋ ಒಂದೇ ರಾಸಾಯನಿಕ ಸಿರಾ ದ್ರಾಕ್ಷಿ ಸಿಪ್ಪೇಲೂ ಇದೆ, ಮಲೆನಾಡಿನ ಅಡಿಕೆ ಮರಕ್ಕೆ ಹಬ್ಬೋ ಮೆಣಸಲ್ಲೂ ಇದೆ. ಮನೇಲಿ ಟ್ರೈ ಮಾಡಿ. ನಾಲ್ಕು ಕಾಳು ಕುಟ್ಟಿ ಒಂದ್ಸಲ ಮೂಸಿ, ತಕ್ಷಣ ಗ್ಲಾಸಿಗೆ ಮೂಗಿಡಿ. ಎಲ್ಲಾ ಬಾಟಲಿಲೂ ಸಿಗಲ್ಲ, ಗ್ರೆನಾಶ್ ಜಾಸ್ತಿ ಇದ್ರೆ ಸ್ಟ್ರಾಬೆರಿನೇ ಮೇಲುಗೈ.

ಸರಿ, ಅಂಗಡಿಗೆ ಬನ್ನಿ. ಈ ವೈನಿನ ದರ್ಜೆಗೆ ಮೆಟ್ಟಿಲು ನಾಲ್ಕು. ಕೆಳಗಿಂದ ಮೊದಲನೇದು ಬರೀ ಕೋತ್ ದ್ಯು ರೋನ್, ಇಲ್ಲಿ ಸುಮಾರು 5ರಿಂದ 10 ಯೂರೋಗೆ ಸಿಗುತ್ತೆ. ಎರಡನೇದು ಕೋತ್ ದ್ಯು ರೋನ್ ವಿಲಾಜ್, ನಿಯಮ ಸ್ವಲ್ಪ ಬಿಗಿ, ಎಕರೆಗೆ ಇಳುವರಿ ಕಮ್ಮಿ ತೆಗೀಬೇಕು. ಮೂರನೇದು ವಿಲಾಜ್ ಜೊತೆ ಊರಿನ ಹೆಸರೂ ಇರೋದು, ಸೆಗುರೆ, ಸಾಬ್ಲೆ, ವಿಸಾನ್, ಪ್ಲಾನ್ ದ ದಿಯ, ಹಿಂಗೆ. ನಾಲ್ಕನೇದಕ್ಕೆ ಕ್ರೂ ಅಂತಾರೆ, ಅವು ಬರೀ ಊರಿನ ಹೆಸರಲ್ಲೇ ಮಾರಾಟ ಆಗೋದು, ರೋನ್ ಅಂತ ದೊಡ್ಡದಾಗಿ ಬರ್ದಿರ್ಬೇಕು ಅಂತೇನಿಲ್ಲ, ಜಿಗೊಂದಾಸ್, ವಾಕೇರಾಸ್, ರಾಸ್ತೋ, ಕೇರಾನ್, ಲಿರಾಕ್, ಎಲ್ಲಕ್ಕಿಂತ ಮೇಲೆ ಶಾತೋನಫ್ ದ್ಯು ಪಾಪ್.

ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ತಕ್ಕ ವೈನ್ ಸಿಗೋದು ಮೂರನೇ ಮೆಟ್ಟಿಲಲ್ಲಿ. ಮೊದಲನೇದಕ್ಕಿಂತ ಎರಡು ಮೂರು ಯೂರೋ ಜಾಸ್ತಿ ಅಷ್ಟೇ, ರುಚೀಲಿ ಅಜಗಜಾಂತರ. ರಾಸ್ತೋ ಮತ್ತೆ ಕೇರಾನ್ ಇನ್ನೂ ಒಳ್ಳೇ ಉದಾಹರಣೆ, ಎರಡೂ ಮೊದ್ಲು ವಿಲಾಜ್ ದರ್ಜೇಲಿದ್ವು, ರಾಸ್ತೋ ಕೆಂಪು ವೈನಿಗೆ 2010ರಲ್ಲಿ, ಕೇರಾನಿಗೆ 2016ರಲ್ಲಿ ಕ್ರೂ ಪಟ್ಟ ಸಿಕ್ತು, ಹೆಸರು ಇನ್ನೂ ಶಾತೋನಫ್ ಅಷ್ಟು ದೊಡ್ಡದಾಗಿಲ್ಲ ಹಂಗಾಗಿ ಬೆಲೇನೂ ಆಕಾಶಕ್ಕೆ ಹೋಗಿಲ್ಲ.

ಶಾತೋನಫ್ ಕತೆ ಬಿಟ್ಟು ಮುಂದೆ ಹೋಗೋಕೆ ಮನಸ್ಸಿಲ್ಲ. 1309ರಿಂದ 1377ರವರೆಗೆ ಪೋಪ್‌ಗಳು ರೋಮ್ ಬಿಟ್ಟು ಆವಿನ್ಯೋನಲ್ಲಿದ್ರು, ಅವರ ಬೇಸಿಗೆ ಅರಮನೆ ಇದ್ದ ಊರೇ ಇದು, ಹೆಸರಿನ ಅರ್ಥ ಪೋಪನ ಹೊಸ ಕೋಟೆ. ತೋಟದಲ್ಲಿ ಕೆಲವು ಕಡೆ ಮಣ್ಣೇ ಕಾಣಲ್ಲ, ರೋನ್ ನದಿ ಹಿಂದೆ ತಂದು ಸುರಿದ ಗುಂಡುಕಲ್ಲು, ತೆಂಗಿನಕಾಯಿ ಗಾತ್ರದವೂ ಇವೆ, ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಶಾಖ ಕೊಡ್ತವೆ. ಆ ಊರಿನ ಮೇಯರ್ 1954ರಲ್ಲಿ ಒಂದು ಆದೇಶ ಹೊರಡಿಸಿದ್ದ, ಹಾರುವ ತಟ್ಟೆಗಳು ನಮ್ಮೂರಿನ ಮೇಲೆ ಹಾರೋ ಹಂಗಿಲ್ಲ, ಇಳಿಯೋ ಹಂಗಿಲ್ಲ, ಇಳಿದ್ರೆ ಜಪ್ತಿ ಅಂತ. ತಮಾಷೆ ಅಲ್ಲ, ನಿಜ. ಪ್ರಚಾರ ಹೇಗೆ ಮಾಡ್ಬೇಕು ಅಂತ ಇವ್ರನ್ನ ನೋಡಿ ಕಲೀಬೇಕು.

ಲೇಬಲ್ಲಿನ ಇನ್ನೊಂದು ಸಾಲು ತಪ್ಪದೆ ನೋಡಿ, ಸಣ್ಣ ಅಕ್ಷರದಲ್ಲಿರುತ್ತೆ. "ಮಿಜ಼್ ಆಂ ಬುತೇಯ್" ಅಂತ ಶುರುವಾಗುತ್ತೆ, ಅಂದ್ರೆ ಬಾಟಲಿಗೆ ತುಂಬಿದ್ದು ಎಲ್ಲಿ, ಯಾರು ಅಂತ. ಅದ್ರ ಮುಂದೆ ದೊಮೇನ್ ಅಥವಾ ಶಾತೋ ಅಂತ ಇದ್ರೆ ತೋಟದವ್ರೇ ತುಂಬಿದ್ದು. ಇಲ್ದಿದ್ರೆ ಬೇರೆ ಬೇರೆ ಬೆಳೆಗಾರರಿಂದ ಕೊಂಡು ಬ್ಲೆಂಡ್ ಮಾಡೋ ವ್ಯಾಪಾರಿ ಇರ್ಬಹುದು. ವ್ಯಾಪಾರಿದು ಅಂದ್ರೆ ಕೆಟ್ಟದು ಅಂತಲ್ಲ, ಗಿಗಾಲ್, ಶಾಪೂತಿಯೇ, ಪೆರ್ರಾಂ ಇವ್ರೆಲ್ಲ ಒಳ್ಳೇ ಹೆಸರಿನವ್ರೇ, ಪೆರ್ರಾಂ ಕುಟುಂಬಕ್ಕೆ ಶಾತೋನಫ್‌ನಲ್ಲಿ ಬೊಕಾಸ್ಟೆಲ್ ಅನ್ನೋ ದೊಡ್ಡ ಎಸ್ಟೇಟೇ ಇದೆ. ಗಿಗಾಲ್‌ದರಲ್ಲಿ ಸಿರಾ ಪಾಲು ಜಾಸ್ತಿ ಹಾಕ್ತಾರೆ, ಮೆಣಸು ಬೇಕು ಅನ್ನೋರು ಅದನ್ನ ತಗೊಳ್ಳಿ. ಭಯ ಪಡ್ಬೇಕಾದ್ದು ಯಾವ ಹೆಸರೂ ಇಲ್ಲದೆ ಚಿನ್ನದ ಅಕ್ಷರ, ಕಿರೀಟ, ಸಿಂಹ ಎಲ್ಲಾ ಹಾಕಿ ಮೂರು ಯೂರೋಗೆ ಮಾರೋ ಬಾಟಲಿಗೆ.

ಇಸವಿ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ವೈನು ಹಳೇದಾದಷ್ಟೂ ಒಳ್ಳೇದು ಅನ್ನೋದು ಈ ದರ್ಜೆಗೆ ಅನ್ವಯಿಸಲ್ಲ, ಕೊಯ್ಲಾಗಿ ಮೂರು ನಾಲ್ಕು ವರ್ಷದೊಳಗೆ ಕುಡಿದು ಮುಗಿಸ್ಬೇಕು. ಅಂಗಡಿಯ ಧೂಳು ಹಿಡಿದ ಮೂಲೇಲಿ ಎಂಟು ವರ್ಷದ ಹಿಂದಿನ ಬಾಟಲಿ ಡಿಸ್ಕೌಂಟಲ್ಲಿ ಸಿಕ್ತು ಅಂತ ಕುಣೀಬೇಡಿ.

ಈಗ ನಾನು ಮಾಡ್ಕೊಂಡ ಎಡವಟ್ಟು. ಮೊದಲ ವರ್ಷ, ಜುಲೈ ತಿಂಗಳು, ಮನೇಲಿ ಎಸಿ ಇಲ್ಲ, ಊರಿಂದ ಮಾವ ಬಂದಿದ್ರು. ಜಂಬದಿಂದ ಒಳ್ಳೇ ವಿಲಾಜ್ ಬಾಟಲಿ ತಂದು ಫ್ರಿಜ್ಜಿನ ತಲೆ ಮೇಲೆ ಇಟ್ಟಿದ್ದೆ, ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕೊಡ್ಬೇಕು ಅಂತ ಎಲ್ಲೋ ಓದಿದ್ನಲ್ಲ. ರೂಮು 29 ಡಿಗ್ರಿ. ಮಾವ ಒಂದು ಗುಟುಕು ಕುಡಿದು, ಗ್ಲಾಸ್ ಕೆಳಗಿಟ್ಟು, "ಏನಪ್ಪಾ ಇದು, ಕೆಮ್ಮಿನ ಔಷಧಿ ಬಿಸಿ ಮಾಡ್ದಂಗಿದೆ" ಅಂದ್ರು. ಮಾತು ನಿಜ. ಈ ವೈನಲ್ಲಿ ಆಲ್ಕೋಹಾಲ್ 14 ಪರ್ಸೆಂಟ್ ಆಸುಪಾಸು ಇರುತ್ತೆ, ಬೆಚ್ಚಗಾದ್ರೆ ಹಣ್ಣಿನ ರುಚಿ ಎಲ್ಲಾ ಹೋಗಿ ಸ್ಪಿರಿಟ್ ಘಾಟೇ ಮೂಗಿಗೆ ಹೊಡೆಯುತ್ತೆ. ರೂಮ್ ಟೆಂಪರೇಚರ್ ಅನ್ನೋ ಮಾತು ಹಳೇ ಕಾಲದ ಕಲ್ಲಿನ ಮನೆಗಳಿಗೆ ಸರಿ, ನಮಗೆ ಬೇಕಾದ್ದು 15ರಿಂದ 17 ಡಿಗ್ರಿ. ಥರ್ಮಾಮೀಟರ್ ಬೇಡ, ಕುಡಿಯೋಕೆ ಮುಂಚೆ ಅರ್ಧ ಗಂಟೆ ಫ್ರಿಜ್ಜಲ್ಲಿಡಿ, ರೂಮು ತುಂಬಾ ಬಿಸಿ ಇದ್ರೆ ಇನ್ನೂ ಜಾಸ್ತಿ ಹೊತ್ತು, ಬಾಟಲಿ ಮುಟ್ಟಿದ್ರೆ ಮಡಕೆ ನೀರಿನ ತಂಪು ಅನ್ನಿಸ್ಬೇಕು. ಇನ್ನೊಂದು ಬಾಟಲಿ ಮಡಕೆ ತಂಪಿಗೆ ತಂದು ಕೊಟ್ಟಿದ್ದಕ್ಕೆ ಮಾವ ಎರಡನೇ ಗ್ಲಾಸೂ ಕೇಳಿದ್ರು, ಅತ್ತೆ ಬಿಡಲಿಲ್ಲ.

ಬಿರಡೆ ತೆಗೆಯೋದು ಸರಳ, ಸ್ಕ್ರೂನ ನಡುಮಧ್ಯಕ್ಕೆ ನೇರ ಇಳಿಸಿ. ಮುರಿದ್ರೆ ಒಳಗೇ ತಳ್ಳಿ, ಟೀ ಸೋಸೋ ಜರಡೀಲಿ ಸೋಸಿ ಹಾಕ್ಕೊಳ್ಳಿ, ಮಾನ ಏನೂ ಹೋಗಲ್ಲ. ತೆಗೆದ ಮೇಲೆ ಮೂಸಿ ನೋಡಿ, ನೆನೆದ ರಟ್ಟು, ಮಳೆಗಾಲದ ಗೋಡೌನ್ ವಾಸನೆ ಬಂದ್ರೆ ಬಿರಡೆ ಕೆಟ್ಟಿದೆ ಅಂತ ಅರ್ಥ, ವಾಪಸ್ ತಗೊಂಡು ಹೋಗಿ, ಸಾಮಾನ್ಯವಾಗಿ ಬದಲಾಯಿಸಿ ಕೊಡ್ತಾರೆ. ಗ್ಲಾಸಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುರೀಬೇಡಿ, ತಿರುಗಿಸೋಕೆ ಜಾಗ ಬೇಕು. ತಿರುಗಿಸಿದ್ರೆ ಗಾಳಿ ಸೇರಿ ಮೊದಲು ಹಣ್ಣು, ಆಮೇಲೆ ಒಣ ಸೊಪ್ಪಿನ ಒಂದು ಘಮ ಬರುತ್ತೆ. ಅಲ್ಲಿನ ಕುರುಚಲು ಗುಡ್ಡಕ್ಕೆ ಗಾರೀಗ್ ಅಂತಾರೆ, ಥೈಮ್, ರೋಸ್ಮರಿ ಎಲ್ಲಾ ಕಾಡುಗಿಡದಂಗೆ ಬೆಳೆಯುತ್ತೆ, ಈ ಘಮಕ್ಕೂ ಅದೇ ಹೆಸರು.

ಊಟಕ್ಕೆ ಬಂದ್ರೆ, ಕೆಂಪು ಮೆಣಸಿನಕಾಯಿ ಖಾರಕ್ಕೂ ಆಲ್ಕೋಹಾಲಿಗೂ ಎಣ್ಣೆ ಸೀಗೆಕಾಯಿ. ಬ್ಯಾಡಗಿ ಗುಂಟೂರು ಎರಡೂ ಹಾಕಿ ಮಾಡಿದ ಕೋಳಿಸಾರಿನ ಜೊತೆ ಇದನ್ನ ಕುಡಿದ್ರೆ ಬಾಯಿಗೆ ಬೆಂಕಿ ಬಿದ್ದಂಗೆ. ಕಾಳುಮೆಣಸಿನ ಖಾರ ಬೇರೆ. ಕೊಡವರ ಪಂದಿ ಕರಿ ಜೊತೆ, ಅದ್ರ ಹುರಿದ ಕಪ್ಪು ಮಸಾಲೆ, ಕಾಚಂಪುಳಿ, ಕೊಬ್ಬಿನ ಜೊತೆ ಸಿರಾ ಜಾಸ್ತಿ ಇರೋ ಬಾಟಲಿ ಇಟ್ಟು ನೋಡಿ, ನಾನು ಇದಕ್ಕಿಂತ ಒಳ್ಳೇ ಜೋಡಿ ಕಂಡಿಲ್ಲ. ಮಟನ್ ಪೆಪ್ಪರ್ ಫ್ರೈ ಕೂಡ ನಡೆಯುತ್ತೆ. ಸಸ್ಯಾಹಾರಿಗಳು ಬದನೆಕಾಯಿ ಸುಟ್ಟಿದ್ದು, ಅಣಬೆ ಹುರಿದಿದ್ದು ತಗೊಳ್ಳಿ. ಹುಣಸೆಹುಳಿ ಜಾಸ್ತಿ ಇರೋ ಸಾರು, ಪುಳಿಯೋಗರೆ ಇವಕ್ಕೆ ಸೇರಲ್ಲ, ವೈನು ಸಪ್ಪೆ ಆಗೋಗುತ್ತೆ.

750 ಎಂಎಲ್ ಬಾಟಲಿಲಿ ಐದು ಗ್ಲಾಸ್ ಬರುತ್ತೆ, ಇಬ್ಬರಿದ್ರೆ ಒಂದೇ ರಾತ್ರಿ ಮುಗಿಸೋ ಹಠ ಬೇಡ. ಬಿರಡೆ ಒತ್ತಿ ಫ್ರಿಜ್ಜಲ್ಲಿಟ್ರೆ ಮೂರು ದಿನ ಆರಾಮಾಗಿ ಇರುತ್ತೆ, ಎರಡನೇ ದಿನ ಕೆಲವು ಇನ್ನೂ ಮೆತ್ತಗಾಗಿ ಚೆನ್ನಾಗೇ ಇರುತ್ತವೆ. ಅದಕ್ಕಿಂತ ಮೇಲಾದ್ರೆ ಮಟನ್ ಬೇಯೋವಾಗ ಒಂದು ಲೋಟ ಕುಕ್ಕರಿಗೆ ಸುರಿದುಬಿಡಿ, ಸೀಟಿ ಹಾಕೋಕೆ ಮುಂಚೆ ಮುಚ್ಚಳ ತೆಗೆದೇ ಐದು ನಿಮಿಷ ಕುದಿಸಿ, ಇಲ್ಲಾಂದ್ರೆ ಹಸಿ ಘಾಟು ಹಂಗೇ ಉಳ್ಕೊಳ್ಳುತ್ತೆ.