ದೇವಿಮನೆ ಘಟ್ಟ ಓಪನ್ ಇದೆಯಾ? – ಒಂದು ಹೋಂಸ್ಟೇ ವೆಬ್‌ಸೈಟ್ ನಡೆಸಿದ ನನ್ನ ಅನುಭವ

ಶಿರಸಿ ಪೇಟೆಯಿಂದ ಸ್ವಲ್ಪ ದೂರ, ಅಡಿಕೆ ತೋಟದ ಮಗ್ಗುಲಲ್ಲೇ ನಮ್ಮ ಹೋಂಸ್ಟೇ. ನಾಲ್ಕೇ ಕೋಣೆ. ಬುಕಿಂಗ್ ಆ್ಯಪ್‌ಗಳ ಕಮಿಷನ್ ಕೊಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ 2021ರಲ್ಲಿ ನಾನೇ ಕೂತು ವೆಬ್‌ಸೈಟ್ ಮಾಡಿದೆ. ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸವನ್ನೂ ಅವತ್ತಿನಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ಮೊದಲು ಎಲ್ಲರೂ ಹೇಳಿದ್ದನ್ನೇ ಮಾಡಿದೆ. ‘ಶಿರಸಿ ಸುತ್ತ ನೋಡಲೇಬೇಕಾದ 10 ಜಾಗಗಳು’, ‘ಯಾಣಕ್ಕೆ ಹೋಗುವುದು ಹೇಗೆ’, ‘ಗೋಕರ್ಣದಲ್ಲಿ ಎರಡು ದಿನ’ – ಇಂಥವು. 2023ರಲ್ಲಿ ಎಐ ಕೈಗೆ ಸಿಕ್ಕ ಮೇಲಂತೂ ವಾರಕ್ಕೆ ಐದು ಲೇಖನ ಹಾಕುತ್ತಿದ್ದೆ, ಉಂಚಳ್ಳಿ ಜಲಪಾತದ ಬಗ್ಗೆಯೇ ಮೂರು ಇದ್ದವು, ಮೂರರಲ್ಲೂ ಅದೇ ಮಾತು. ಜನ ಬರುತ್ತಿದ್ದರು, ಹಾಗಾಗಿ ಸರಿಯಾಗಿದೆ ಅಂದುಕೊಂಡೆ.

2024ರ ಮಾರ್ಚ್ 5ಕ್ಕೆ ಗೂಗಲ್‌ನ ಕೋರ್ ಅಪ್‌ಡೇಟ್ (ಯಾವ ಪುಟ ಮೇಲೆ ಬರಬೇಕು ಅಂತ ನಿರ್ಧರಿಸುವ ರೀತಿಯಲ್ಲಿ ದೊಡ್ಡ ಬದಲಾವಣೆ) ಶುರುವಾಯಿತು. ಮುಗಿದಿದ್ದು ಏಪ್ರಿಲ್ 19ಕ್ಕೆ. ರ‍್ಯಾಂಕಿಂಗ್‌ಗೋಸ್ಕರ ರಾಶಿಗಟ್ಟಲೆ ಪುಟ ತಯಾರಿಸುವುದನ್ನು ಸ್ಪ್ಯಾಮ್ ಅಂತಲೇ ಎಣಿಸುವ ನಿಯಮವೂ ಅದರ ಜೊತೆಗೇ ಬಂತು. ಮೇ ತಿಂಗಳಲ್ಲಿ ನೋಡಿದರೆ ಗೂಗಲ್‌ನಿಂದ ನಮ್ಮ ಸೈಟಿಗೆ ಬರುವ ಕ್ಲಿಕ್ ಅರ್ಧಕ್ಕಿಂತ ಕಡಿಮೆ. ತಪ್ಪು ನನ್ನದೇ. ಆ ಲೇಖನಗಳಲ್ಲಿ ನಾನು ಇಲ್ಲಿ ಬದುಕುತ್ತಿದ್ದೇನೆ ಅನ್ನುವುದಕ್ಕೆ ಒಂದು ಗುರುತೂ ಇರಲಿಲ್ಲ. ಬೆಂಗಳೂರಿನಲ್ಲಿ ಕೂತವರೂ ಅದನ್ನೇ ಬರೆಯಬಹುದಿತ್ತು, ಅಲ್ವಾ?

ದಾರಿ ಸಿಕ್ಕಿದ್ದು ಒಂದು ಫೋನ್ ಕರೆಯಿಂದ. ಜುಲೈ ತಿಂಗಳು, ಜೋರು ಮಳೆ. ಶಿರಸಿ–ಕುಮಟಾ ರಸ್ತೆಯಲ್ಲಿರುವ ಘಟ್ಟದ ಬಗ್ಗೆ ಕುಮಟಾದಿಂದ ಯಾರೋ ಕೇಳಿದರು: ‘ದೇವಿಮನೆ ಘಟ್ಟ ಓಪನ್ ಇದೆಯಾ? ಮಕ್ಕಳಿದ್ದಾರೆ ಕಾರಲ್ಲಿ.’ ಅದೇ ವಾರ ಇನ್ನೂ ನಾಲ್ಕು ಜನ ಅದನ್ನೇ ಕೇಳಿದರು. ಗೂಗಲ್‌ನಲ್ಲಿ ಹುಡುಕಿದೆ. ಬಂದಿದ್ದೆಲ್ಲ ಹಳೇ ಸುದ್ದಿ, ಯಾವ ದಿನದ್ದು ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ.

ಅವತ್ತು ರಾತ್ರಿಯೇ ಒಂದು ಪುಟ ಬರೆದೆ. ಮೇಲೆ ದಪ್ಪಕ್ಷರದಲ್ಲಿ ತಾರೀಖು ಮತ್ತು ಗಂಟೆ. ಕೆಳಗೆ ಒಂದೇ ಸಾಲು: ಕಾರು ಹೋಗುತ್ತಿದೆಯಾ, ಇಲ್ಲವಾ. ಆಮೇಲೆ 766ಇ ಹೆದ್ದಾರಿಯಲ್ಲಿ ಎಲ್ಲೆಲ್ಲಿ ಕೆಲಸ ನಡೀತಿದೆ, ಮಣ್ಣು ಕುಸಿದರೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗುವುದಾ ಅಥವಾ ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದಾ, ಯಾವ ರಸ್ತೆಯಲ್ಲಿ ರಾತ್ರಿ ಹೋಗಬಾರದು, ಇಷ್ಟೇ. ಬೆಳಿಗ್ಗೆ ಘಟ್ಟ ಹತ್ತಿ ಬರುವ ಮೀನಿನ ಗಾಡಿಯವರನ್ನು ಕೇಳುತ್ತೇನೆ. ಅವರು ಹೇಳಿದ್ದನ್ನು ಹಾಗೇ ಹಾಕುತ್ತೇನೆ. ಪುಟ ಚಂದ ಇಲ್ಲ, ಆದರೆ ನಮ್ಮ ಸೈಟಿನಲ್ಲಿ ಅತಿ ಜಾಸ್ತಿ ಜನ ಓದುವುದು ಈಗ ಅದನ್ನೇ. ಘಟ್ಟದ ಸುದ್ದಿ ನೋಡಲು ಬಂದವರೇ ಕೆಳಗಿನ ನಂಬರಿಗೆ ಫೋನ್ ಮಾಡಿ ‘ರೂಮ್ ಇದೆಯಾ’ ಅಂತಲೂ ಕೇಳುತ್ತಾರೆ.

ಗೂಗಲ್ 2022ರ ಡಿಸೆಂಬರಿನಲ್ಲೇ ತನ್ನ ಗುಣಮಟ್ಟದ ಅಳತೆಗೋಲಿಗೆ ‘ಅನುಭವ’ (ಬರೆಯುವವರು ತಾವೇ ಕಂಡಿದ್ದು, ಮಾಡಿದ್ದು) ಅನ್ನುವುದನ್ನು ಸೇರಿಸಿತ್ತು. ಅದನ್ನು ಓದಿದ್ದೆ, ಅರ್ಥ ಆಗಿರಲಿಲ್ಲ.

ಆಮೇಲೆ ಹಳೇ ಲೇಖನಗಳಲ್ಲಿ ಮೂವತ್ತಕ್ಕೂ ಹೆಚ್ಚು ತೆಗೆದುಹಾಕಿದೆ. ಶಾಲ್ಮಲಾ ನದಿಯ ಬಂಡೆಗಳಲ್ಲಿ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗದ ಪುಟವನ್ನು ಹೊಸದಾಗಿ ಬರೆದೆ. ಮಳೆಗಾಲದಲ್ಲಿ ಶಾಲ್ಮಲಾ ತುಂಬಿ ಹರಿಯುವಾಗ ಲಿಂಗಗಳು ನೀರಿನಡಿ ಇರುತ್ತವೆ, ದೂರದಿಂದ ಬಂದವರು ನಿರಾಸೆಯಿಂದ ವಾಪಸ್ ಹೋಗುತ್ತಾರೆ. ಅದಕ್ಕೆ ಒಂದೇ ಬಂಡೆಯ ಮೇಲೆ ನಿಂತು ಆಗಸ್ಟ್, ನವೆಂಬರ್, ಫೆಬ್ರವರಿಯಲ್ಲಿ ಫೋಟೋ ತೆಗೆದು ಮೂರನ್ನೂ ಸಾಲಾಗಿ ಹಾಕಿದೆ. ಯಾವಾಗ ಬರಬೇಕು ಅಂತ ಆ ಫೋಟೋಗಳೇ ಹೇಳುತ್ತವೆ. ಮೊಬೈಲಿನ ಫೋಟೋ ಒಂದೊಂದೂ 5 ಎಂಬಿ ಇತ್ತು. ವೆಬ್‌ಪಿ ಅನ್ನುವ ಹಗುರ ಫೋಟೋ ಫಾರ್ಮ್ಯಾಟಿಗೆ ಬದಲಿಸಿ 150 ಕೆಬಿಗೆ ಇಳಿಸಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಿರುವವರಿಗೆ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ.

2024ರ ಆಗಸ್ಟಿನಲ್ಲಿ ಗೂಗಲ್‌ನ ಎಐ ಓವರ್‌ವ್ಯೂ (ಹುಡುಕಿದಾಗ ಮೇಲ್ಗಡೆ ಕಾಣುವ ಎಐ ಬರೆದ ಉತ್ತರ) ಭಾರತಕ್ಕೆ ಬಂತು, ಮರುವರ್ಷ ಜುಲೈನಲ್ಲಿ ಎಐ ಮೋಡ್ (ಎಐ ಜೊತೆ ಮಾತಾಡುತ್ತಲೇ ಹುಡುಕುವುದು). ಉತ್ತರ ಮೇಲೆಯೇ ಸಿಕ್ಕಿಬಿಡುತ್ತದೆ, ಕೆಳಗೆ ಇಳಿದು ಕ್ಲಿಕ್ ಮಾಡುವವರು ಕಡಿಮೆ. ನಮ್ಮ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಲೆಕ್ಕ) ಇಂಪ್ರೆಶನ್, ಅಂದರೆ ಹುಡುಕಾಟದಲ್ಲಿ ನಮ್ಮ ಸೈಟ್ ಕಾಣಿಸಿದ ಸಲ, ಏರುತ್ತಿದೆ, ಕ್ಲಿಕ್ ಅಷ್ಟಾಗಿ ಏರುತ್ತಿಲ್ಲ. ಎಐ ಉತ್ತರದಿಂದ ಬಂದವರು ಎಷ್ಟು ಅಂತ ಅದರಲ್ಲಿ ಬೇರೆ ಮಾಡಿ ನೋಡಲೂ ಆಗುವುದಿಲ್ಲ. ಮೊದಲು ಇದರಿಂದ ತುಂಬ ಬೇಜಾರಾಗಿತ್ತು. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಫೋನ್ ಬಂದಾಗಲೆಲ್ಲ ‘ನಮ್ಮದು ಎಲ್ಲಿ ನೋಡಿದಿರಿ’ ಅಂತ ಕೇಳಿ ಬರೆದುಕೊಳ್ಳುತ್ತೇನೆ. ‘ಚಾಟ್‌ಜಿಪಿಟಿ ಹೇಳಿತು’ ಅಂದವರು ಈ ವರ್ಷ ಏಳು ಜನ. ‘ಮ್ಯಾಪ್‌ನಲ್ಲಿ’ ಅಂದವರು ಅದಕ್ಕಿಂತ ಎಷ್ಟೋ ಜಾಸ್ತಿ.

ಹಾಗಾಗಿ ಮ್ಯಾಪ್ ಬಗ್ಗೆ ಒಂದು ಮಾತು. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ನಮ್ಮ ಬಿಸಿನೆಸ್ ಪ್ರೊಫೈಲಿನ ಪಿನ್ ಮುಖ್ಯ ರಸ್ತೆಯ ಕ್ರಾಸಿನಲ್ಲಿತ್ತು, ಮನೆ ಇರುವುದು ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೆ. ಕತ್ತಲಲ್ಲಿ ಬಂದವರು ಪಕ್ಕದ ಮನೆಯವರ ಅಂಗಳದಲ್ಲಿ, ಅಡಿಕೆ ಹರವಿದ ಜಾಗದಲ್ಲೇ ಕಾರು ನಿಲ್ಲಿಸಿದ್ದರು. ಪಿನ್ ಸರಿ ಮಾಡಿದೆ. ತಿರುವಿನಲ್ಲಿರುವ ಹಳೇ ಹಲಸಿನ ಮರದ ಫೋಟೋವನ್ನೂ ಹಾಕಿದೆ. ರಿವ್ಯೂಗೆ ರಿಯಾಯಿತಿ ಕೊಡಿ ಅಂತ ಹಲವರು ಹೇಳುತ್ತಾರೆ, ದಯವಿಟ್ಟು ಮಾಡಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಅತಿಥಿಗಳು ಹೊರಡುವಾಗ ನಾನು ಬಾಯಿಬಿಟ್ಟು ಕೇಳುತ್ತೇನೆ, ಬರೆದವರಿಗೆಲ್ಲ ಕನ್ನಡದಲ್ಲೇ ಉತ್ತರಿಸುತ್ತೇನೆ.

ಊರ ಹೆಸರಿನ ತೊಂದರೆಯೂ ಇದೆ. ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆ, ಹರಿಯಾಣದಲ್ಲಿ ಸಿರ್ಸಾ. ಎಲ್ಲ ಪುಟದ ಶೀರ್ಷಿಕೆಯಲ್ಲೂ ‘ಉತ್ತರ ಕನ್ನಡ’ ಸೇರಿಸಿದ ಮೇಲೆ ಉತ್ತರ ಭಾರತದ ಕಡೆಯ ತಪ್ಪು ಕರೆಗಳು ನಿಂತವು. ನಮ್ಮ ಕಡೆಯ ಸಿಹಿತಿಂಡಿ ತೊಡದೇವಿನ ಪುಟದಲ್ಲಿ ‘ತೊಡೆದೇವು’ ಅಂತಲೂ ಬರೆದಿದ್ದೇನೆ, ಜನ ಎರಡೂ ಥರ ಹುಡುಕುತ್ತಾರೆ. ಅದರ ವಿಡಿಯೋದಲ್ಲಿ ಅಮ್ಮನ ಕೈ ಮಾತ್ರ ಕಾಣುತ್ತದೆ. ಬೋರಲು ಹಾಕಿದ ಬಿಸಿ ಮಡಕೆ, ಕೋಲಿಗೆ ಸುತ್ತಿದ ಬಟ್ಟೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟು. ಒಂದೇ ಎಳೆತ, ಕಾಗದದ ಹಾಗೆ ಎದ್ದು ಬರುತ್ತದೆ. ಅದನ್ನು ನೋಡಿ ಆಲೆಮನೆ ಸಮಯಕ್ಕೇ ಬರುತ್ತೇವೆ ಅಂತ ಹುಬ್ಬಳ್ಳಿಯ ಎರಡು ಕುಟುಂಬ ಈಗಲೇ ಕೋಣೆ ಹಿಡಿದಿವೆ.

ಇವತ್ತು ಬೆಳಿಗ್ಗೆ 7:20ಕ್ಕೆ ಘಟ್ಟದ ಪುಟ ಬದಲಿಸಿದೆ: ಮಂಜು ಜಾಸ್ತಿ ಇದೆ, ಕಾರು ಹೋಗುತ್ತಿದೆ, ನಿಧಾನ ಬನ್ನಿ.