ಹಳೆಯ ಕಾವ್ಯಕ್ಕೆ ನಿಮ್ಮ ದನಿ: ಮನೆಯಲ್ಲೇ ಓದಿ, ರೆಕಾರ್ಡ್ ಮಾಡಿ, ಎಲ್ಲರಿಗೂ ಬಿಟ್ಟುಕೊಡುವುದು ಹೇಗೆ?

ಲಿಬ್ರಿವಾಕ್ಸ್ ಎಂಬ ಸ್ವಯಂಸೇವಕರ ಬಳಗದಲ್ಲಿ ಒಂದು ಚೆಂದದ ರೂಢಿ ಇದೆ. ವಾರಕ್ಕೊಂದು ಹಳೆಯ ಕವಿತೆ ಆರಿಸುತ್ತಾರೆ. ಬೇರೆ ಬೇರೆ ಊರು, ಬೇರೆ ಬೇರೆ ದೇಶದವರು ಅದೇ ಕವಿತೆಯನ್ನು ತಮ್ಮ ಮನೆಯಲ್ಲಿ ಕೂತು ಓದಿ ಕಳಿಸುತ್ತಾರೆ. ಯಾರದು ಚೆನ್ನ, ಯಾರದು ಸುಮಾರು ಎಂದು ತೂಗುವುದಿಲ್ಲ. ಬಂದದ್ದನ್ನೆಲ್ಲ ಒಟ್ಟಿಗೆ ಪ್ರಕಟಿಸುತ್ತಾರೆ. ಅಜ್ಜಿಯ ನಡುಗುವ ದನಿ, ಕಾಲೇಜು ಹುಡುಗನ ಅವಸರದ ದನಿ, ರಾಗ ಎಳೆಯುವ ಹಳ್ಳಿಯ ದನಿ, ಎಲ್ಲಕ್ಕೂ ಅಲ್ಲಿ ಜಾಗ ಉಂಟು.

ಕೆನಡಾದ ಮಾಂಟ್ರಿಯಲ್ ನಗರದ ಹ್ಯೂ ಮೆಗ್ವೈರ್ 2005ರ ಆಗಸ್ಟ್‌ನಲ್ಲಿ ಈ ಬಳಗವನ್ನು ಶುರು ಮಾಡಿದರು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜನರೇ ಓದಬೇಕು, ಆ ಧ್ವನಿಯೂ ಯಾರ ಸ್ವತ್ತೂ ಆಗದೆ ಎಲ್ಲರಿಗೂ ಸಿಗಬೇಕು ಎಂಬುದು ಅವರ ಆಸೆ. ಓದುವವರಿಗೆ ದುಡ್ಡಿಲ್ಲ, ಕೇಳುವವರಿಗೆ ಖರ್ಚಿಲ್ಲ. ಆಡಿಷನ್ ಕೂಡ ಇಲ್ಲ. ಇಂಗ್ಲಿಷ್ ಜಾಸ್ತಿ ಇದ್ದರೂ ಬೇರೆ ಭಾಷೆಗಳಿಗೂ ಬಾಗಿಲು ತೆರೆದೇ ಇದೆ.

ಕನ್ನಡದವರು ಈ ಕೆಲಸಕ್ಕೆ ಕೈ ಹಾಕಲೇಬೇಕು ಅನ್ನುವುದು ನನ್ನ ಆಸೆ. ನಮ್ಮ ಹಳೆಯ ಕಾವ್ಯ ಕಿವಿಗೆಂದೇ ಹುಟ್ಟಿದ್ದು. ಒಬ್ಬರು ವಾಚನ ಮಾಡಿ, ಇನ್ನೊಬ್ಬರು ಅರ್ಥ ಹೇಳಿ, ಊರೇ ಕೂತು ಕೇಳುತ್ತಿದ್ದ ಕಾವ್ಯ ಅದು. ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿ ಇವತ್ತಿಗೂ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅಲ್ಲಿಯವರು. ಆದರೆ ಗಮಕ ಕಲಿತವರು ಎಷ್ಟು ಮಂದಿ ಸಿಗುತ್ತಾರೆ? ಕೇಳುವವರು ಮಾತ್ರ ಎಲ್ಲೆಲ್ಲೂ ಇದ್ದಾರೆ. ಕಣ್ಣು ಕಾಣದವರಿದ್ದಾರೆ. ಕಣ್ಣು ಮಂಜಾದ ಹಿರಿಯರಿದ್ದಾರೆ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆದು, ಕನ್ನಡ ಮಾತಾಡಲು ಬಂದರೂ ಅಕ್ಷರ ಓದಲು ಬಾರದ ಮಕ್ಕಳಿದ್ದಾರೆ. ಇವರಿಗೆಲ್ಲ ಸರಳವಾದ, ಸ್ಪಷ್ಟವಾದ ಓದು ಸಾಕು. ಅದನ್ನು ನೀವು ಕೊಡಬಹುದು.

ಮೊದಲು ಕವಿತೆ ಆರಿಸಿ

ಇದೇ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ. ‘ಹಳೆಯದು’ ಅನ್ನಿಸಿದ್ದೆಲ್ಲ ಹಕ್ಕುಮುಕ್ತ ಆಗಿರುವುದಿಲ್ಲ.

ಭಾರತದ ಕಾಯಿದೆಯ ಲೆಕ್ಕ ಹೀಗಿದೆ: ಕವಿ ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಿ. ಅದು ಮುಗಿದ ಮೇಲೆ ಅವರು ಬದುಕಿದ್ದಾಗ ಪ್ರಕಟವಾದ ಕೃತಿ ಎಲ್ಲರದೂ. ಪಂಪ, ರನ್ನ, ಹರಿಹರ, ರಾಘವಾಂಕ, ಕುಮಾರವ್ಯಾಸ, ಲಕ್ಷ್ಮೀಶ, ಸರ್ವಜ್ಞ ಇವರ ಬಗ್ಗೆ ಯೋಚನೆಯೇ ಬೇಡ. 1901ರಲ್ಲಿ ತೀರಿಕೊಂಡ ಮುದ್ದಣ, 1937ರಲ್ಲಿ ಹೋದ ಪಂಜೆ ಮಂಗೇಶರಾಯರು, 1946ರಲ್ಲಿ ಹೋದ ಬಿ.ಎಂ.ಶ್ರೀ. ಅವರ ಕವಿತೆಗಳೂ ಇಲ್ಲಿ ಹಕ್ಕುಮುಕ್ತ. ಮಂಜೇಶ್ವರ ಗೋವಿಂದ ಪೈ 1963ರಲ್ಲಿ ನಿಧನರಾದರು. ಹಾಗಾಗಿ 2024ರ ಜನವರಿ 1ರಿಂದ ಅವರ ಕಾವ್ಯವೂ ನಮ್ಮೆಲ್ಲರದಾಯಿತು. ಡಿವಿಜಿ ಅವರದಕ್ಕೆ 2036ರ ತನಕ ಕಾಯಬೇಕು. ಬೇಂದ್ರೆಯವರದಕ್ಕೆ 2042, ಕುವೆಂಪು ಅವರದಕ್ಕೆ 2055. ಇವರ ಕವಿತೆ ನಿಮಗೆ ಬಾಯಿಪಾಠ ಇರಬಹುದು. ಆದರೂ ಈ ಕೆಲಸಕ್ಕೆ ಸದ್ಯ ಆಗದು.

ಇಲ್ಲಿ ಇನ್ನೊಂದು ಗಂಟಿದೆ. ಲಿಬ್ರಿವಾಕ್ಸ್ ನಡೆಯುವುದು ಅಮೆರಿಕದ ಕಾಯಿದೆಯ ಪ್ರಕಾರ. ಅಲ್ಲಿ ನೋಡುವುದು ಮುಖ್ಯವಾಗಿ ಪ್ರಕಟವಾದ ವರ್ಷ. ಪುಸ್ತಕ ಅಚ್ಚಾಗಿ 95 ವರ್ಷ ಕಳೆದಿರಬೇಕು. ಗೋವಿಂದ ಪೈ ಅವರ ‘ಗಿಳಿವಿಂಡು’ 1930ರದ್ದು, ಅದು ಎರಡೂ ಕಡೆ ಪಾಸು. ಆಮೇಲೆ ಬಂದ ‘ವೈಶಾಖಿ’ ಭಾರತದಲ್ಲಿ ಮುಕ್ತ, ಅಮೆರಿಕದಲ್ಲಿ ಇನ್ನೂ ಅಲ್ಲ. ಕುವೆಂಪು ಅವರ ‘ಕೊಳಲು’ ಕೂಡ 1930ರದ್ದೇ. ಅಲ್ಲಿನ ಲೆಕ್ಕಕ್ಕೆ ಅದು ಮುಕ್ತ, ಇಲ್ಲಿ ಅಲ್ಲ. ಭಾರತದಲ್ಲಿ ಕೂತು ಓದುವವರು ಎರಡೂ ಕಾಯಿದೆಗೆ ಸರಿಹೋಗುವ ಕವಿತೆಯನ್ನೇ ಹಿಡಿಯುವುದು ಕ್ಷೇಮ.

ಯಾವ ಪುಸ್ತಕ ನೋಡಿ ಓದುತ್ತೀರಿ ಎಂಬುದೂ ಮುಖ್ಯ. ಪಂಪ ಸಾವಿರ ವರ್ಷದ ಹಿಂದಿನವನು. ಆದರೆ ಮೊನ್ನೆ ಮೊನ್ನೆ ಬಂದ ಆವೃತ್ತಿಯಲ್ಲಿರುವ ಗದ್ಯಾನುವಾದ, ಟಿಪ್ಪಣಿ, ಮುನ್ನುಡಿ ಅದನ್ನು ಬರೆದವರ ಸ್ವತ್ತು. ಅವನ್ನು ಓದಬೇಡಿ. ಸಾಧ್ಯವಾದರೆ ಹಳೆಯ ಮುದ್ರಣವನ್ನೇ ಹುಡುಕಿ. ಬಿ.ಎಲ್. ರೈಸ್ ಪಂಪಭಾರತವನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರದ್ದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಸಾಕಷ್ಟು ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಸಿಗುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪ್ ಮಾಡಿದ ಪಠ್ಯವೂ ಸಿಗುತ್ತದೆ. ಟೈಪ್ ಆದದ್ದನ್ನು ಒಮ್ಮೆ ಸ್ಕ್ಯಾನ್ ಪುಟದ ಜೊತೆ ಹೋಲಿಸಿ ನೋಡಿ. ‘ಘ’ ಇದ್ದಲ್ಲಿ ‘ಫ’, ‘ಪ’ ಇದ್ದಲ್ಲಿ ‘ಷ’ ಬಂದಿರುವುದುಂಟು.

ಮೊದಲ ಸಲಕ್ಕೆ ಚಿಕ್ಕದನ್ನೇ ಆರಿಸಿ. ಸರ್ವಜ್ಞನ ನಾಲ್ಕು ತ್ರಿಪದಿ, ಒಂದೆರಡು ವಚನ, ಪಂಜೆಯವರ ಒಂದು ಮಕ್ಕಳ ಪದ್ಯ ಸಾಕು. ಇಡೀ ಗದುಗಿನ ಭಾರತಕ್ಕೆ ಮೊದಲೇ ಕೈ ಹಾಕಿದರೆ ನಡುವೆ ಬಿಟ್ಟುಹೋಗುವುದೇ ಹೆಚ್ಚು.

ಓದಿನ ತಯಾರಿ

ಮೈಕ್ ಮುಂದೆ ಕೂರುವ ಮುಂಚೆ ಪೆನ್ಸಿಲ್ ಹಿಡಿದು ಕೂರಬೇಕು. ಹಳೆಯ ಕಾವ್ಯದಲ್ಲಿ ಸಾಲು ಮುಗಿದ ಕಡೆ ಮಾತು ಮುಗಿಯುವುದಿಲ್ಲ. ಕುಮಾರವ್ಯಾಸನ ಮೊದಲ ಪದ್ಯವನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ...

‘ರಾಜೀವಪೀಠ’ ಎಂಬ ಮಾತು ಎರಡು ಸಾಲಿಗೆ ಹರಿದುಹೋಗಿದೆ. ‘ರಾ’ ಎಂದು ನಿಲ್ಲಿಸಿ, ಉಸಿರು ತೆಗೆದು, ‘ಜೀವಪೀಠನ’ ಎಂದರೆ ಕೇಳುವವರಿಗೆ ಏನೂ ತಿಳಿಯದು. ಈ ಪದ್ಯದ ಛಂದಸ್ಸು ಭಾಮಿನಿ ಷಟ್ಪದಿ. ಅದರ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಈ ನಡೆ ಕಿವಿಗೆ ಹಿಡಿಸುವ ತನಕ ಬೆರಳಲ್ಲಿ ತಾಳ ಹಾಕಿಕೊಂಡು ಓದಿ. ಆಮೇಲೆ ತಾಳ ಬಿಟ್ಟು ಅರ್ಥಕ್ಕೆ ತಕ್ಕಂತೆ ಓದಿ. ತಾಳ ಒಳಗೇ ಉಳಿದಿರುತ್ತದೆ. ಮೂರನೇ ಮತ್ತು ಆರನೇ ಸಾಲು ಉದ್ದ, ಅದರ ಕೊನೆಯ ಅಕ್ಷರ ಗುರು. ನಿಲ್ಲಲು, ಉಸಿರು ತೆಗೆದುಕೊಳ್ಳಲು ಕವಿಯೇ ಕೊಟ್ಟ ಜಾಗ ಅದು.

ಅದೇ ಪದ್ಯದ ಕೊನೆಗೆ ‘ಗದುಗಿನ ವೀರನಾರಯಣ’ ಎಂದಿದೆ. ‘ನಾರಯಣ’ದಲ್ಲಿ ‘ರ’ ಹ್ರಸ್ವ. ನಮ್ಮ ನಾಲಗೆ ತಾನಾಗಿ ‘ನಾರಾಯಣ’ ಅಂದುಬಿಡುತ್ತದೆ, ಆಗ ಒಂದು ಮಾತ್ರೆ ಜಾಸ್ತಿಯಾಗಿ ನಡೆ ಎಡವುತ್ತದೆ. ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಓದಿ. ಇಂಥ ಕಡೆಗಳಲ್ಲೆಲ್ಲ ಪೆನ್ಸಿಲ್ ಗುರುತು ಇರಲಿ.

ಪಂಪ, ರನ್ನರ ಕಂದಪದ್ಯಕ್ಕೆ ಇನ್ನೂ ಸ್ವಲ್ಪ ಕೆಲಸ ಇದೆ. ಸಂಧಿ ಬಿಡಿಸಿ, ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಹಾಕಿಕೊಳ್ಳಬೇಕು. ಹತ್ತಿರದ ಹೈಸ್ಕೂಲಿನ ಕನ್ನಡ ಮೇಷ್ಟ್ರನ್ನು ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ. ಹಳಗನ್ನಡದ ಱ, ೞ ಅಕ್ಷರಗಳನ್ನು ಈಗ ‘ರ’, ‘ಳ’ ಎಂದೇ ಓದುವುದು ವಾಡಿಕೆ.

ನಿಮ್ಮ ಊರಿನ ಉಚ್ಚಾರ ಬಿಡಬೇಕಾಗಿಲ್ಲ. ಧಾರವಾಡದ ದನಿಯಲ್ಲಿ, ಕುಂದಾಪುರದ ದನಿಯಲ್ಲಿ ಕುಮಾರವ್ಯಾಸ ಹೇಗೆ ಕೇಳಿಸುತ್ತಾನೆ ಎಂದು ತಿಳಿಯುವ ಆಸೆ ನನಗಂತೂ ತುಂಬ ಇದೆ. ‘ಹ’ ಬಿದ್ದುಹೋಗಿ ಹಾಲು ಆಲು ಆಗದಂತೆ ನೋಡಿಕೊಂಡರೆ ಸಾಕು.

ಹಾಡಬಹುದಾ? ಗಮಕ ಬಂದರೆ ಖಂಡಿತ ಮಾಡಿ. ಆದರೆ ಒಂದು ಎಚ್ಚರಿಕೆ. ಬಸವಣ್ಣನ ವಚನ, ಪುರಂದರದಾಸರ ಪದ ಮುಕ್ತ ಎಂದ ಮಾತ್ರಕ್ಕೆ, ಕ್ಯಾಸೆಟ್ಟಿನಲ್ಲಿ ಕೇಳಿದ ಅದರ ಧಾಟಿ ಮುಕ್ತ ಅಲ್ಲ. ಆ ರಾಗ ಕೂಡಿಸಿದವರಿಗೆ ಹಕ್ಕಿದೆ. ಬೇರೆಯವರ ಧಾಟಿ ಬೇಡ. ನಿಮ್ಮದೇ ಧಾಟಿ ಇರಲಿ, ಇಲ್ಲವೇ ಸುಮ್ನೆ ಓದಿ. ಒಳ್ಳೆಯ ಓದು ಯಾವ ಹಾಡಿಗೂ ಕಡಿಮೆಯಲ್ಲ.

ಕೋಣೆ, ಮೈಕ್, ರೆಕಾರ್ಡಿಂಗ್

ಸ್ಟುಡಿಯೋ ಬೇಡ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಚಿಕ್ಕ ಕೋಣೆ ಸಿಕ್ಕರೆ ಅದೇ ಸ್ಟುಡಿಯೋ. ಬರೀ ಗೋಡೆ, ಬರೀ ನೆಲ ಇದ್ದರೆ ದನಿ ಗುಂಯ್ ಎಂದು ವಾಪಸ್ ಬರುತ್ತದೆ. ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಬಟ್ಟೆಗೆ ಮುಖ ಮಾಡಿ ಕೂತರೂ ಎಷ್ಟೋ ಸುಧಾರಿಸುತ್ತದೆ. ಫ್ಯಾನ್ ಆರಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಫ್ರಿಜ್ಜಿನ ಸದ್ದು, ಪಕ್ಕದ ಮನೆಯ ಕುಕ್ಕರ್ ಸೀಟಿ, ಬೀದಿಯ ಹಾರನ್ ಇವು ನಮ್ಮ ಕಿವಿಗೆ ಬೀಳದಿದ್ದರೂ ಮೈಕಿಗೆ ಬೀಳುತ್ತವೆ. ಊರು ಮಲಗಿದ ಮೇಲೆ ಅಥವಾ ಏಳುವ ಮುಂಚೆ ಓದುವುದು ಒಳ್ಳೆಯದು.

ಫೋನಿನಲ್ಲೂ ಶುರು ಮಾಡಬಹುದು. ಮುಂದುವರಿಯುವ ಮನಸ್ಸಿದ್ದರೆ ಕಂಪ್ಯೂಟರಿಗೆ ಸಿಕ್ಕಿಸುವ ಸಾಧಾರಣ ಯುಎಸ್‌ಬಿ ಮೈಕ್ ಕೊಳ್ಳಿ. ಮೈಕ್ ಬಾಯಿಗೆ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ತುಸು ಓರೆಗೆ. ಎದುರಿಗಿದ್ದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಉಸಿರು ಬಡಿದು ಢಬ್ ಎನ್ನುತ್ತದೆ.

ಆಡಾಸಿಟಿ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಮೋನೋ, 44,100 ಹರ್ಟ್ಸ್ ಆರಿಸಿ. ಮೊದಲು ಐದಾರು ಸೆಕೆಂಡು ಮಾತಾಡದೆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಹಿನ್ನೆಲೆಯ ಸದ್ದು ತೆಗೆಯಲು ಅದೇ ಮಾದರಿ ಆಗುತ್ತದೆ. ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ಸಾಲನ್ನು ಮೊದಲಿನಿಂದ ಓದಿ. ಚಪ್ಪಾಳೆ ತಟ್ಟಿದ ಜಾಗ ತೆರೆಯ ಮೇಲೆ ಚೂಪಾಗಿ ಎದ್ದು ಕಾಣುತ್ತದೆ, ಕತ್ತರಿಸುವುದು ಸುಲಭ. ಸದ್ದು ತೆಗೆಯುವ ಆಸೆ ಅತಿಯಾಗದಿರಲಿ. ಜಾಸ್ತಿ ಉಜ್ಜಿದರೆ ದನಿ ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಸ್ವಲ್ಪ ಸದ್ದು ಉಳಿದರೂ ಪರವಾಗಿಲ್ಲ, ಮನುಷ್ಯರ ದನಿ ಮನುಷ್ಯರ ದನಿಯಾಗಿಯೇ ಇರಲಿ.

ಕೊನೆಗೆ 128 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿ. ದನಿಯ ಮಟ್ಟ 89 ಡೆಸಿಬಲ್ ಆಸುಪಾಸು ಇರಬೇಕು ಎನ್ನುತ್ತದೆ ಲಿಬ್ರಿವಾಕ್ಸ್. ಅದನ್ನು ಅಳೆಯಲು ‘ಚೆಕರ್’ ಎಂಬ ಉಚಿತ ಸಾಧನವನ್ನೂ ಕೊಡುತ್ತದೆ.

ಆರಂಭದ ಮಾತು, ಕೊನೆಯ ಮಾತು

ಶುರುವಿನಲ್ಲಿ ಅರ್ಧದಿಂದ ಒಂದು ಸೆಕೆಂಡು ಮೌನ. ಆಮೇಲೆ ಕವಿತೆಯ ಹೆಸರು, ಕವಿಯ ಹೆಸರು, ಲಿಬ್ರಿವಾಕ್ಸ್‌ಗಾಗಿ ಓದುತ್ತಿರುವವರು ಇಂಥವರು ಎಂಬ ಮಾತು. ನಿಮ್ಮ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಕಾವ್ಯನಾಮ ಇಟ್ಟುಕೊಳ್ಳಬಹುದು. ಕವಿತೆ ಮುಗಿದ ಮೇಲೆ ‘ಕವಿತೆ ಮುಗಿಯಿತು, ಈ ಧ್ವನಿಮುದ್ರಣ ಸಾರ್ವಜನಿಕ ಸ್ವತ್ತು’ ಎಂಬ ಅರ್ಥದ ಮಾತು, ಐದು ಸೆಕೆಂಡು ಮೌನ. ಕನ್ನಡದಲ್ಲಿ ಹೇಳುವಾಗ ಯಾವ ಪದ ಬಳಸಬೇಕು ಎಂಬುದನ್ನು ನಿಮ್ಮ ಯೋಜನೆಯ ಸಂಯೋಜಕರ ಜೊತೆ ಮೊದಲೇ ಮಾತಾಡಿಕೊಳ್ಳಿ.

‘ಸಾರ್ವಜನಿಕ ಸ್ವತ್ತು’ ಎಂಬ ಆ ಮಾತನ್ನು ಯೋಚಿಸಿಯೇ ಹೇಳಿ. ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ನಿಮ್ಮ ಓದನ್ನು ಯಾರಾದರೂ ಸಿನಿಮಾದಲ್ಲಿ ಬಳಸಬಹುದು, ಸಿ.ಡಿ. ಮಾಡಿ ಮಾರಬಹುದು, ನಿಮ್ಮ ಹೆಸರು ಹಾಕದೆಯೂ ಇರಬಹುದು. ಇದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಮುಂದುವರಿಯಿರಿ. ನನ್ನ ಮಟ್ಟಿಗೆ, ಕುಮಾರವ್ಯಾಸನೇ ನಮ್ಮಿಂದ ಏನೂ ಕೇಳದೆ ಸಿಕ್ಕಿರುವಾಗ ನಮ್ಮ ದನಿಯನ್ನೂ ಹಾಗೇ ಬಿಟ್ಟುಕೊಡುವುದು ಸರಿ ಅನ್ನಿಸುತ್ತದೆ.

ಎಲ್ಲಿ ಹಾಕುವುದು?

ಲಿಬ್ರಿವಾಕ್ಸ್‌ಗೆ ಹೊಸದಾಗಿ ಸೇರಿದವರು ಮೊದಲು ಒಂದು ನಿಮಿಷದ ಪರೀಕ್ಷಾ ರೆಕಾರ್ಡಿಂಗ್ ಕಳಿಸುವುದು ಪದ್ಧತಿ. ಅದರಲ್ಲಿ ನೋಡುವುದು ತಾಂತ್ರಿಕ ಗುಣ ಮಾತ್ರ, ನಿಮ್ಮ ದನಿಯನ್ನಲ್ಲ. ಬಿಡಿ ಕವಿತೆಗಳಿಗೆ ಅಲ್ಲಿ ಬಹುಭಾಷಾ ಕವನ ಸಂಗ್ರಹಗಳಿವೆ. ಒಂದೇ ಒಂದು ಕನ್ನಡ ಕವಿತೆ ಓದಿದವರಿಗೂ ಅಲ್ಲಿ ಜಾಗ ಸಿಗುತ್ತದೆ. ಪಠ್ಯ ಎಲ್ಲಿಂದ ತೆಗೆದುಕೊಂಡಿರಿ, ಯಾವ ವರ್ಷದ ಮುದ್ರಣ ಎಂಬುದಕ್ಕೆ ಸ್ಕ್ಯಾನ್ ಪುಟದ ಕೊಂಡಿ ಕೊಡಬೇಕು. ಮುಗಿದ ಫೈಲುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಯುತ್ತವೆ.

ನೇರವಾಗಿ ಆರ್ಕೈವ್‌ಗೆ ಹಾಕುವ ದಾರಿಯೂ ಇದೆ. ವಿಕಿಪೀಡಿಯ ಬಳಗದ ಚಿತ್ರ, ಧ್ವನಿ ಕಡತಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಸೇರಿಸಿ, ಕನ್ನಡ ವಿಕಿಸೋರ್ಸ್‌ನ ಆ ಪದ್ಯದ ಪುಟಕ್ಕೆ ಜೋಡಿಸಲೂಬಹುದು. ಆಗ ಒಂದೇ ಕಡೆ ಓದು, ಕೇಳು ಎರಡೂ ಆಗುತ್ತದೆ. ಶಾಲೆಗಳಿಗೆ ಇದು ಬಲು ಉಪಯೋಗ. ಎಲ್ಲೇ ಹಾಕಿ, ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಹುಡುಕುವವರು ಎರಡು ರೀತಿಯಲ್ಲೂ ಹುಡುಕುತ್ತಾರೆ.

ಓದಲು ಮನಸ್ಸಿಲ್ಲದವರಿಗೂ ಕೆಲಸ ಇದೆ

ಲಿಬ್ರಿವಾಕ್ಸ್‌ನಲ್ಲಿ ಪ್ರತಿ ರೆಕಾರ್ಡಿಂಗನ್ನೂ ಪ್ರಕಟಿಸುವ ಮುಂಚೆ ಒಬ್ಬರು ಪೂರ್ತಿ ಕೇಳುತ್ತಾರೆ. ಸಾಲು ಬಿಟ್ಟುಹೋಗಿದೆಯೇ, ಎರಡು ಸಲ ಬಂದಿದೆಯೇ, ನಡುವೆ ಬಾಗಿಲು ಬಡಿದಿದೆಯೇ ಎಂದು ನಿಮಿಷ, ಸೆಕೆಂಡಿನ ಸಮೇತ ಗುರುತು ಹಾಕುತ್ತಾರೆ. ಓದಿನ ಶೈಲಿಯ ಬಗ್ಗೆ, ಉಚ್ಚಾರದ ಧಾಟಿಯ ಬಗ್ಗೆ ತೀರ್ಪು ಕೊಡುವುದಿಲ್ಲ. ಈ ನಿಯಮ ನನಗೆ ಬಹಳ ಇಷ್ಟ. ಕನ್ನಡದ ಓದನ್ನು ಕನ್ನಡ ಬಲ್ಲವರೇ ಕೇಳಿ ತಿದ್ದಬೇಕಲ್ವಾ? ಹಾಗಾಗಿ ಜೋಡಿಯಾಗಿ ಸೇರುವುದು ಒಳ್ಳೆಯದು, ಒಬ್ಬರು ಓದುವವರು, ಒಬ್ಬರು ಕೇಳುವವರು. ತ್ರಿಪದಿ ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹೇಳುವ ಪದ್ಧತಿ ಇದೆ. ಹಾಗೆ ಮಾಡುವುದಿದ್ದರೆ ಕೇಳುವವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಅದನ್ನೂ ತಪ್ಪೆಂದು ಗುರುತು ಹಾಕಿಬಿಡುತ್ತಾರೆ.