ಬಾವಿನೀರಿನ ಅಕ್ವೇರಿಯಂನಲ್ಲಿ ಪಾಚಿಯ ಹತೋಟಿ: ನನ್ನ ಅನುಭವ

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿರುವ ಗಿಡಗಳ ಅಕ್ವೇರಿಯಂ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಲೆಕ್ಕದ ಪ್ರಕಾರ ಅದು ಸುಮಾರು 56 ಲೀಟರ್ ಹಿಡಿಯಬೇಕು. ಮರಳು, ಕಲ್ಲು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ಉಳಿಯುವ ನೀರು 45 ಲೀಟರ್ ಮಾತ್ರ. ಗೊಬ್ಬರವಾಗಲಿ ಔಷಧಿಯಾಗಲಿ, ನಾನು ಅಳೆಯುವುದು ಈ 45 ಲೀಟರಿಗೇ. ಗಿಡಗಳಿಗೆ ಇಂಗಾಲ ಒದಗಿಸುವ ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಇಟ್ಟಿಲ್ಲ. ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ ಪಾಚಿಯ ವಿರುದ್ಧದ ಕೆಲಸದಲ್ಲಿ ಮುಕ್ಕಾಲು ಪಾಲು ಬೆಳಕಿಗೆ ಸಂಬಂಧಿಸಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗಾಲ ಸಾಲದೆ ಗಿಡಗಳು ಬಳಸಿಕೊಳ್ಳಲಾರದ ಬೆಳಕು ಎಷ್ಟು ಉಳಿಯುತ್ತದೋ ಅಷ್ಟೂ ಪಾಚಿಯ ಪಾಲಾಗುತ್ತದೆ.

ಆದುದರಿಂದ ದೀಪ ಉರಿಯುವುದು ಸಂಜೆ 4ರಿಂದ ರಾತ್ರಿ 10ರವರೆಗೆ ಮಾತ್ರ. ಇದಕ್ಕೆ ಟೈಮರ್ ಬೇಕು, ಅದೂ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್. ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಾಗಲೆಲ್ಲ ತಾನೂ ನಿಂತುಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಅದನ್ನು ನಂಬಿದರೆ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ದೀಪ ನಡುರಾತ್ರಿಯಲ್ಲಿ ಉರಿಯತೊಡಗುತ್ತದೆ.

ದೀಪಕ್ಕಿಂತಲೂ ಸುಲಭವಾಗಿ ನಮ್ಮ ಗಮನಕ್ಕೆ ಬಾರದೆ ಹೋಗುವುದು ಬಿಸಿಲು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುವುದರಿಂದ ದಕ್ಷಿಣದ ಕಿಟಕಿಯಿಂದ ತೊಟ್ಟಿಗೆ ನೇರ ಬಿಸಿಲು ತಾಗುವುದಿಲ್ಲ. ದೀಪಾವಳಿಯ ಹೊತ್ತಿಗೆ ಅದೇ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಬಂದು, ಗಾಜಿನ ಒಂದೇ ಮೂಲೆಯಲ್ಲಿ ಉಗುರಿನಿಂದ ಕೆರೆದರೂ ಏಳದ ಹಸಿರು ಚುಕ್ಕೆಗಳನ್ನು ಮೂಡಿಸುತ್ತದೆ. ಸಂಕ್ರಾಂತಿ ಕಳೆಯುವವರೆಗೆ ಆ ಕಿಟಕಿಗೆ ದಪ್ಪ ಪರದೆ ಎಳೆದಿಡುತ್ತೇನೆ.

ಇನ್ನು ನೀರು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನಮ್ಮ ಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ ಎಂಬುದೊಂದು ಅನುಕೂಲ. ಆದರೆ ಅದು ಬಹಳ ಮೆದು, ಆಮ್ಲದತ್ತ ವಾಲಿದ ನೀರು; ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಗಿಡದ ಎಳೆ ಎಲೆಗಳು ಸುರುಟಿಕೊಂಡು ಬೆಳವಣಿಗೆ ನಿಂತರೆ ಹಳೆಯ ಎಲೆಗಳ ಮೇಲೆ ಪಾಚಿ ಕೂರುತ್ತದೆ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಉಳಿಯುವ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ಉಜ್ಜಿ, ಒಣಗಿಸಿ, ಒಂದು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟಿದ್ದೇನೆ. ಆಮ್ಲೀಯ ನೀರಿನಲ್ಲಿ ಚಿಪ್ಪು ನಿಧಾನವಾಗಿ ಕರಗಿ ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ ಏರುಪೇರಾಗುವುದನ್ನೂ ತಡೆಯುತ್ತದೆ. ಮೆಗ್ನೀಸಿಯಂಗೆ ಚಿಟಿಕೆ ಎಪ್ಸಂ ಉಪ್ಪು ಸಾಕು.

ಗೊಬ್ಬರ ಹಾಕದಿದ್ದರೆ ಪಾಚಿ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಾಚಿಗೆ ಬೇಕಾಗುವ ಪೋಷಕಾಂಶ ಅತ್ಯಲ್ಪ. ಮೀನಿನ ಹಿಕ್ಕೆಯಲ್ಲೇ ಅದಕ್ಕೆ ಸಾಕಷ್ಟು ಸಿಗುತ್ತದೆ. ಉಪವಾಸ ಬೀಳುವುದು ಗಿಡ. ಅಡಿಕೆ ತೋಟದವರಿಗಾಗಿ ಗೊಬ್ಬರದಂಗಡಿಯಲ್ಲಿ ಮಾರುವ 13-0-45 ಎಂಬುದು ಪೊಟ್ಯಾಸಿಯಂ ನೈಟ್ರೇಟೇ ಆಗಿದೆ. ಅದರಲ್ಲಿ ಸುಮಾರು ಮೂರನೇ ಒಂದು ಗ್ರಾಂ 45 ಲೀಟರ್ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂನಷ್ಟು ನೈಟ್ರೇಟ್ ಹೆಚ್ಚಿಸುತ್ತದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದ ಮೇಲೆ ಇಷ್ಟನ್ನು ಹಾಕುತ್ತೇನೆ. ತೆಗೆದ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ. ಈ ಗೊಬ್ಬರವನ್ನು ಉಂಡು ಬೆಳೆಯಲು ಹೈಡ್ರಿಲ್ಲಾ, ನೀರುಬ್ರಾಹ್ಮಿ ಮತ್ತು ನೀರ ಮೇಲೆ ತೇಲುವ ಅಂತರಗಂಗೆ ಇವೆ. ಅಂತರಗಂಗೆಯ ಎಲೆಗಳು ಗಾಳಿಯಿಂದಲೇ ಇಂಗಾಲವನ್ನು ಪಡೆಯುವುದರಿಂದ ಅದಕ್ಕೆ ಸಿಲಿಂಡರಿನ ಹಂಗಿಲ್ಲ. ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಹರಡಿದೊಡನೆ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು, ತೋಡಿಗೆ ಎಸೆಯಬಾರದು.

ಇಷ್ಟಾದರೂ ಬಿಡದೆ ಕಾಡುವುದು ಕಪ್ಪು ಗಡ್ಡದ ಪಾಚಿ. ನಿಧಾನವಾಗಿ ಬೆಳೆಯುವ ಅನುಬಿಯಾಸ್ ಎಂಬ ಗಿಡದ ಎಲೆಯ ಅಂಚಿನಲ್ಲಿ ಗಿಡ್ಡನೆಯ ಕುಚ್ಚುಗಳಾಗಿ ಅಂಟಿಕೊಳ್ಳುವ ಇದನ್ನು ಎಳೆದರೆ ಎಲೆ ಹರಿಯುತ್ತದೆಯೇ ಹೊರತು ಪಾಚಿ ಬಿಡುವುದಿಲ್ಲ. ಕಪ್ಪಾಗಿ ಕಂಡರೂ ಇದು ಕೆಂಪು ಪಾಚಿಯ ವರ್ಗಕ್ಕೆ ಸೇರಿದ್ದು. ಕಿತ್ತ ಎಲೆಯ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿಟ್ಟರೆ ಹಸಿರು ಬಣ್ಣ ಕರಗಿಹೋಗಿ ಕುಚ್ಚು ಕೆಂಪಾಗುತ್ತದೆ, ಗುರುತು ಖಾತ್ರಿಯಾಗುತ್ತದೆ. ಇದಕ್ಕೆ ನಾನು ಬಳಸುವುದು ಹೈಡ್ರೋಜನ್ ಪೆರಾಕ್ಸೈಡ್. ಹೊರದೇಶದವರು ಬರೆಯುವ ಪ್ರಮಾಣ ಸಾಮಾನ್ಯವಾಗಿ ಶೇಕಡ 3ರ ದ್ರಾವಣಕ್ಕೆ ಸಂಬಂಧಿಸಿದ್ದು. ನಮ್ಮ ಔಷಧಿ ಅಂಗಡಿಯ ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು ಹೆಚ್ಚುಕಡಿಮೆ ಶೇಕಡ 6ರದ್ದು, ಆದುದರಿಂದ ಪ್ರಮಾಣವನ್ನು ಅರ್ಧಕ್ಕಿಳಿಸಬೇಕು. ನನ್ನ ತೊಟ್ಟಿಗೆ ಈ 20 ವಾಲ್ಯೂಮಿನದನ್ನು ಒಂದು ಸಲಕ್ಕೆ 5 ಮಿಲಿಲೀಟರ್ ಮೀರಿ ಹಾಕುವುದಿಲ್ಲ. ಫಿಲ್ಟರ್ ನಿಲ್ಲಿಸಿ, ನೀರು ಅಲುಗದಂತಾದ ಮೇಲೆ, ಸೂಜಿ ತೆಗೆದ ಸಿರಿಂಜನ್ನು ಕುಚ್ಚಿನ ಹತ್ತಿರ ಹಿಡಿದು ಹನಿಹನಿಯಾಗಿ ಬಿಡುತ್ತೇನೆ. ಸಣ್ಣ ಗುಳ್ಳೆಗಳೇಳುತ್ತವೆ. ಹತ್ತು ನಿಮಿಷದ ಬಳಿಕ ಫಿಲ್ಟರ್ ಹಾಕುತ್ತೇನೆ. ಕೆಲವು ದಿನಗಳಲ್ಲಿ ಕುಚ್ಚು ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಬಿಳಿಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮೂಸಿಯೂ ನೋಡದ, ತೊಟ್ಟಿಯಲ್ಲಿ ಸಾಕಿರುವ ಪುಟ್ಟ ಚೆರ್ರಿ ಸಿಗಡಿಗಳು ಆಗ ಬಂದು ಮೇಯುತ್ತವೆ.

ನೂಲಿನಂಥ ಪಾಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸಾಕು: ಸುತ್ತಿ ಎಳೆದರೆ ಬರುತ್ತದೆ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪುಡಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಮರಳಿನ ಮೇಲೆ ಹಾಳೆಯಂತೆ ಹರಡಿ ಮಣ್ಣಿನ ಕೆಟ್ಟ ವಾಸನೆ ಬೀರುವ ನೀಲಿಹಸಿರು ಲೋಳೆ ಮಾತ್ರ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಹೀರಿ ತೆಗೆದು, ತೊಟ್ಟಿಗೆ ದಪ್ಪ ಬೆಡ್‌ಶೀಟ್ ಹೊದಿಸಿ, ಏರ್ ಪಂಪ್ ಓಡಿಸುತ್ತಾ ಮೂರು ದಿನ ಕತ್ತಲಲ್ಲಿಡುತ್ತೇನೆ. ಎರಿತ್ರೋಮೈಸಿನ್ ಮಾತ್ರೆ ಹಾಕಿ ಎನ್ನುವವರಿದ್ದಾರೆ. ಮನುಷ್ಯರ ಆಂಟಿಬಯೋಟಿಕನ್ನು ಇಷ್ಟು ಸಣ್ಣ ವಿಷಯಕ್ಕೆ ಬಳಸಲು ನನಗೆ ಮನಸ್ಸಿಲ್ಲ.

ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನನ್ನು ಸಣ್ಣ ತೊಟ್ಟಿಗೆ ತರುವುದು ತರವಲ್ಲ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ, ಕೊನೆಗೆ ಯಾವುದೋ ಕೆರೆಯ ಪಾಲಾಗುತ್ತದೆ. ಮುಂದಿನ ಗಾಜನ್ನು ಹಳೆಯ ಎಟಿಎಂ ಕಾರ್ಡಿನಿಂದ ವಾರಕ್ಕೊಮ್ಮೆ ಕೆರೆಯುತ್ತೇನೆ. ಹಿಂಬದಿಯ ಗಾಜಿನ ಹಸಿರನ್ನು ಮುಟ್ಟುವುದಿಲ್ಲ, ಸಿಗಡಿಯ ಮರಿಗಳಿಗೆ ಮೇವು ಅದರಿಂದಲೇ.